ಚೀಟಿಯಡಿ ಏರದ ನೀಲಿ

ತ್ಯಾವರೆಕೊಪ್ಪದ ಹುಲಿಯ ಬಾಯೊಳಗೆ ಕುತ್ತಿಗೆವರೆಗೂ ತಲೆಯಿಟ್ಟು, ಹುಳುಕು ಹಲ್ಲು ಎಷ್ಟಿವೆಯೆಂದು ಎಣಿಸಿ ಬಂದವನು ಭದ್ರಾವತಿಯ ಸ್ಟೋರ್ ಕೀಪರ್ ಕರಿಯಣ್ಣ. ಅಂಥ ಗಂಡೆದೆಯವನೂ ೨೦೦೩ರ ಆ ಸೋಮವಾರ ಒಂದು ಪೆಟ್ಟಿಗೆ ತೆರೆದು ಮೂರು ಹೆಜ್ಜೆ ಹಿಂದಕ್ಕೆ ಹಾರಿದ.

ಶಿವಮೊಗ್ಗದ ಗಾಂಧಿ ಬಜಾರ್ ಹತ್ತಿರದ ನರ್ಸಿಂಗ್ ಹೋಮೊಂದು ವಾಪಸು ಕಳಿಸಿದ್ದ ಪೆಟ್ಟಿಗೆ. ಒಳಗೆ ಆಪರೇಷನ್ನಿನ ಕೈಗವಸು. ಮುಚ್ಚಳ ತೆಗೆದರೆ— ಹೆಬ್ಬೆರಳು ದಪ್ಪದ ಜಿರಳೆ! ಹಿಂದೆ ಮೊಟ್ಟೆಚೀಲ ಅಂಟಿಸಿಕೊಂಡು, ಗವಸಿನ ಬೆರಳೊಳಗಿಂದ ಮೀಸೆ ಕುಣಿಸುತ್ತ ಹೊರಬಂತು. ಜೀವಂತ!

ಕರಿಯಣ್ಣನದು ಎಲೆಕ್ಟ್ರಾನ್ ಕಿರಣ ಹಾಯಿಸಿ ಆಸ್ಪತ್ರೆ ಸಾಮಾನಿನ ಕ್ರಿಮಿ ಕೊಲ್ಲುವ ಕಾರ್ಖಾನೆ. ಪ್ರತಿ ಪೆಟ್ಟಿಗೆಗೂ ಬಣ್ಣವಿಲ್ಲದ ಒಂದು ಫಿಲ್ಮ್ ತುಂಡು ಅಂಟಿಸುತ್ತಾರೆ. ಕಿರಣ ಬಿದ್ದಷ್ಟೂ ಅದು ನೀಲಿಗಟ್ಟುತ್ತದೆ. ನೀಲಿಯಿದ್ದರೆ ಪೆಟ್ಟಿಗೆ ಲಾರಿಗೆ, ಇಲ್ಲದಿದ್ದರೆ ಯಂತ್ರಕ್ಕೆ. ಈ ಪೆಟ್ಟಿಗೆಯ ಫಿಲ್ಮ್ ಅಚ್ಚ ನೀಲಿ.

"ಪೆಟ್ಟಿಗೇನ ಯಂತ್ರಕ್ಕೇ ಹಾಕದೆ, ಹಳೇ ಫಿಲ್ಮ್ ಅಂಟಿಸಿ ಕಳಿಸಿದ್ದೀಯ ಮಂಜುಶ್ರೀ?" ಮ್ಯಾನೇಜರ್ ಯಶೋಧರಾ ಗುಡುಗಿದರು. "ನಾಳೆಯಿಂದ ಕೆಲಸಕ್ಕೆ ಬರಬೇಡ."

ಯಂತ್ರ ನಡೆಸುವ ಮಂಜುಶ್ರೀಯ ಮುಖ ಸುಣ್ಣವಾಯಿತು. "ಈ ಪೆಟ್ಟಿಗೆ ನನ್ ಹತ್ರ ಬಂದೇ ಇಲ್ಲ ಮೇಡಂ!"

ಅವಳ ಕಣ್ಣೀರು ಕಂಡು ಕರಿಯಣ್ಣನಿಗೆ ಸುಮ್ಮನಿರಲಾಗಲಿಲ್ಲ. "ಅಳಬೇಡ ಮಾರಾಯ್ತಿ. ಸಿಬಿಐನೋರೇ ನನ್ನ ಕೇಳ್ಕೊಂಡು ಬರ್ತಾರೆ. ನಾನು ಪತ್ತೆ ಮಾಡ್ತೀನಿ."

ಫಿಲ್ಮ್ ಸ್ಟೋರಿಗೆ ಬರುವಾಗಲೇ ಅದರ ಮೇಲೆ ಅಂಟಿರುವ ನಂಬರಿನ ಚೀಟಿಯನ್ನು ಉಗುರಿನಿಂದ ಕಿತ್ತ.

"ಅಡಿಯಲ್ಲಿ ಏನು ಕಾಣುತ್ತೆ ಮೇಡಂ?"

"ಅಲ್ಲಿ ಬಣ್ಣಾನೇ ಇಲ್ಲ!"

"ನಮ್ಮ ಕಿರಣ ಕಾಗದಕ್ಕೆ ನಿಲ್ಲುತ್ತಾ?"

"ಇಲ್ಲ. ತೂರ್ಕೊಂಡು ಹೋಗುತ್ತೆ."

"ಹಂಗಾದ್ರೆ ಚೀಟಿ ಅಡೀನೂ ನೀಲಿ ಆಗಬೇಕಿತ್ತು. ಕಾಗದಕ್ಕೆ ನಿಲ್ಲೋದು ಯಾವುದು? ಬಿಸಿಲು! ಬಿಸಿಲಿಗೂ ಈ ಫಿಲ್ಮ್ ನೀಲಿಯಾಗುತ್ತೆ. ಪ್ಯಾಕಿಂಗಿನೋರು ಫಿಲ್ಮಿನ ಕವರಲ್ಲಿದ್ದದ್ದನ್ನ ಬಣ್ಣ ನೋಡದೆ ಅಂಟಿಸಿದ್ರು. ಲೋಡಿಂಗಿನೋರು ನೀಲಿ ನೋಡಿ, ಕಿರಣ ಆಗಿದೆ ಅಂತ ಸೀದಾ ಲಾರಿಗೆ ಹಾಕಿದ್ರು. ಇವಳದೇನೂ ತಪ್ಪಿಲ್ಲ."

"ಬಿಸಿಲಿಗೆ ಇಟ್ಟೋರು ಯಾರು?"

"ಆಯನೂರಿನ ಕಳ್ಳರು ಮೇಡಂ! ಹನ್ನೆರಡು ಜನ. ಆನೆ ಮೇಲೆ ನಿಂತು ಗೋಡೆ ಹಾರಿ—"

ಮಂಜುಶ್ರೀ ಕಣ್ಣೊರೆಸಿಕೊಂಡಳು. "ಫಿಲ್ಮ್ ಇರೋದು ಸ್ಟೋರಿನ ಫ್ರಿಜ್ಜಲ್ಲಿ, ಕಪ್ಪು ಕವರೊಳಗೆ. ಬೀಗದಕೈ ನಿಮ್ಮ ಸೊಂಟದಲ್ಲಿ. ಕಳ್ಳರಿಗೆ ನೀವೇ ಕೊಟ್ರಾ ಕರಿಯಣ್ಣೋರೆ?"

ಫಿಲ್ಮನ್ನು ಮೂಗಿನ ಹತ್ತಿರ ಹಿಡಿದವಳು ಮುಖ ಕಿವುಚಿದಳು. "ಥೂ! ಹಳಸಿದ ಮೀನ್ ಸಾರು! ಅಂಚಲ್ಲೆಲ್ಲ ಅರಿಶಿನ, ಎಣ್ಣೆ ಜಿಡ್ಡು!"

ಯಶೋಧರಾ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಆಯನೂರಿನ ಹನ್ನೆರಡು ಜನ ಕಳ್ಳರೂ ಆನೆಸಮೇತ ಓಡಿಹೋದರು. ಕರಿಯಣ್ಣ ಒಬ್ಬನೇ ಉಳಿದ.

"ಆ ಫ್ರಿಜ್ಜಲ್ಲೇ ನನ್ ಬುತ್ತಿ ಇಡ್ತಿದ್ದೆ," ಎಂದ ಮೆಲ್ಲಗೆ. "ಡಬ್ಬಿ ಮಗುಚಿ ಸಾರೆಲ್ಲ ಕವರಿಗೆ ಇಳೀತು. ಫಿಲ್ಮುಗಳನ್ನ ಒರೆಸಿ, ಹಪ್ಪಳದ ಥರ ಟೆರೇಸಲ್ಲಿ ಒಣಹಾಕಿದೆ. ನೀಲಿ ಆಗಿದ್ದು ಕಂಡೆ ಮೇಡಂ. ಬೈತೀರ ಅಂತ ಹಂಗೇ ಕವರಿಗೆ ಹಾಕ್ಬಿಟ್ಟೆ."

"ಅಂಥವು ಎಷ್ಟು?"

"ನಲವತ್ತು. ಎಲ್ಲಾ ಪೆಟ್ಟಿಗೇನೂ ಅದೇ ನರ್ಸಿಂಗ್ ಹೋಮಿಗೆ ಹೋಗಿದಾವೆ. ಈಗ್ಲೇ ಫೋನ್ ಮಾಡಿ ಮೇಡಂ, ಯಾರೂ ಆ ಗವಸು ಹಾಕ್ಕೊಳ್ಳೋದು ಬೇಡ. ತಪ್ಪು ಸ್ಟೋರಿನ ಕರಿಯಣ್ಣಂದು ಅಂತಾನೂ ಹೇಳಿ."