ಅಪ್ಪನ ಬೆಲ್ಟು

ಆಸ್ಪತ್ರೆಗೆ ಗಂಡನ ಬಟ್ಟೆ ಒಯ್ಯಲು ಚೀಲ ಬೇಕಿತ್ತು. ಮಗಳ ಕಾಲೇಜು ಬ್ಯಾಗನ್ನು ಮಂಚದ ಮೇಲೆ ಬೋರಲು ಹಾಕಿದ ತಾಯಿ ಹಾಗೇ ಕುಸಿದು ಕೂತಳು. ಪುಸ್ತಕಗಳ ಜೊತೆ ಬಿದ್ದದ್ದು ಗಂಡನ ಬೆಲ್ಟು! ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವ ಆತ ಸೊಂಟಕ್ಕೆ ಬಿಗಿದು ಹಗ್ಗಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಅದೇ ಬೆಲ್ಟು. ಬೆಳಿಗ್ಗೆ, ಮಗಳು ಏಳುವ ಮುಂಚೆಯೇ, ಮನೆಯೆಲ್ಲ ಜಾಲಾಡಿದರೂ ಸಿಗದೆ, "ಇವತ್ತೊಂದಿನ ನಡೆಯುತ್ತೆ ಬಿಡೇ" ಎಂದು ನಗುತ್ತ ಹೋದವನು ಈಗ ಮೇಲಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದ.

"ಇದು ನಿನ್ನ ಹತ್ರ ಹೇಗೆ ಬಂತೇ?"

ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಬಿಳಿಚಿಕೊಂಡಿತು. "ಅಮ್ಮಾ... ನಿನ್ನೆ ಫ್ರೆಂಡ್ಸೆಲ್ಲ ಸೇರಿ ಅರ್ಧ ಕಟ್ಟಿ ಬಿಟ್ಟಿರೋ ಬಿಲ್ಡಿಂಗ್ ಹತ್ತಿದ್ವಿ. ಅಂಚಿನಿಂದ ಯಾರು ಜೋತು ಬೀಳ್ತಾರೆ ಅಂತ ಪಂಥ. ನೀನೇ ಹೇಳಿದ್ದೆಯಲ್ಲ, ಹತ್ತೋದೇ ಆದ್ರೆ ಅಪ್ಪನ ಥರ ಬೆಲ್ಟ್ ಹಾಕ್ಕೊಂಡು ಹತ್ತು ಅಂತ..."

ಹೌದು, ಹೇಳಿದ್ದಳು! ನೀರಿನ ಟ್ಯಾಂಕು, ಓಡುವ ರೈಲಿನ ಬಾಗಿಲು, ಸೇತುವೆಯ ಕಂಬಿ... ಮಗಳ ಹುಚ್ಚಾಟಗಳಿಗೆ ಬೈದು ಬೈದು ಬಾಯಿ ಸೋತು, ಸಿಟ್ಟಿನಲ್ಲಿ ಆಡಿದ ಮಾತದು. ಯಾವ ಮಾತಿಗೂ ಕಿವಿಗೊಡದ ಹುಡುಗಿ ಅದೊಂದನ್ನು ಕೇಳಿಬಿಡಬೇಕೇ! ಅವಳಿಗೆ ಹೊಡೆಯಬೇಕೋ ತನ್ನ ಹಣೆ ಚಚ್ಚಿಕೊಳ್ಳಬೇಕೋ ತಾಯಿಗೆ ತಿಳಿಯಲಿಲ್ಲ.

"ಏನು ಸಿಗುತ್ತೇ ನಿನಗೆ ಅದರಲ್ಲಿ?"

"ಮೇಲೆ ನಿಂತ್ರೆ ಮೈಯೆಲ್ಲ ಜುಮ್ ಅನ್ನತ್ತಮ್ಮ. ಎಲ್ಲರೂ ನನ್ನನ್ನೇ ನೋಡ್ತಿರ್ತಾರೆ. ಇಳಿದ ಮೇಲೆ ಎಲ್ಲ ಸಪ್ಪೆ... ಮತ್ತೆ ಹತ್ತಬೇಕು ಅನ್ಸತ್ತೆ. ನಿನ್ನೆ ಬೆಲ್ಟಿದೆ ಅಂತ ಧೈರ್ಯ ಇನ್ನೂ ಹೆಚ್ಚಾಯ್ತು. ಆ ಗುಂಗಲ್ಲಿ ವಾಪಸ್ ಇಡೋದೇ... ಮರೆತುಹೋಯ್ತು!"

ಆಸ್ಪತ್ರೆಯಲ್ಲಿ ಮಗಳು ಎಲ್ಲವನ್ನೂ ಹೇಳಿ ಬಿಕ್ಕಿಬಿಕ್ಕಿ ಅತ್ತಳು. ತಂದೆ ಅವಳ ಕಡೆ ಮುಖ ತಿರುಗಿಸಿದ.

"ಜೋತು ಬಿದ್ದಾಗ ಭಯ ಆಯ್ತಾ?"

"ಇಲ್ಲಪ್ಪ."

"ನನಗೆ ದಿನಾ ಆಗ್ತಿತ್ತು ಮಗಳೇ. ಮೇಲೆ ಹೋಗೋ ಮುಂಚೆ ಬೆಲ್ಟಿನ ಕೊಕ್ಕೆಯನ್ನ ಎರಡೆರಡು ಸಲ ಎಳೆದು ನೋಡ್ತಿದ್ದೆ. ಇವತ್ತು ಎಳೆಯೋಕೆ ಏನೂ ಇರಲಿಲ್ಲ... ಇನ್ಮೇಲೆ ಹತ್ತೋಕೂ ಆಗಲ್ಲ, ಡಾಕ್ಟರು ಹೇಳಿದ್ರು."

ಆತ ಊರುಗೋಲಿನ ಮೇಲೆ ಮನೆಗೆ ಬಂದ; ದಿನಾ ಸಂಜೆ ಸ್ವಲ್ಪ ನಡೆದು ಅಭ್ಯಾಸ ಮಾಡಬೇಕಿತ್ತು. ಬೆಲ್ಟು ಬಾಗಿಲ ಹಿಂದಿನ ಮೊಳೆಗೆ ಮರಳಿತು. ಒಂದು ಸಂಜೆ ಬೀದಿಯಲ್ಲಿ ಗೆಳೆಯರ ಬೈಕುಗಳು ಬಂದು ನಿಂತು ಹಾರ್ನ್ ಹೊಡೆದವು. ಮಗಳ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿದಳು, ಚಿಲಕ ತೆಗೆದಳು. ಒಳಗಿನಿಂದ ನೋಡುತ್ತಿದ್ದ ತಾಯಿ ಬೈಯಲು ಬಾಯಿ ತೆರೆದವಳು, ಈ ಸಲ ಏನು ಹೇಳಿದರೆ ಏನಾಗುತ್ತದೋ ಎಂದು ಸೆರಗು ಕಚ್ಚಿ ಹಿಡಿದಳು.

ಮಗಳ ಕೈ ಮೊಳೆಯ ಮೇಲಿನ ಬೆಲ್ಟಿಗೆ ತಗುಲಿತು. ಕೊಕ್ಕೆ ಹಿಡಿದು ಒಮ್ಮೆ ಎಳೆದಳು. ಇನ್ನೊಮ್ಮೆ ಎಳೆದಳು. ಹೊರಗೆ ಮತ್ತೆ ಹಾರ್ನ್ ಕೇಳಿಸಿತು.

ಅವಳು ಚಿಲಕ ಹಾಕಿ ಒಳಗೆ ಬಂದಳು.

"ಏಳಪ್ಪ, ನಡೆಯೋ ಹೊತ್ತಾಯ್ತು," ಎಂದು ತಂದೆಗೆ ಹೆಗಲು ಕೊಟ್ಟಳು.