ಹೂವಿನ ಮನೆಯ ಮೂಗು

"ಅಳಬೇಡಿ... ಮೊದಲು ಕೂತ್ಕೊಳ್ಳಿ."

ಮಡಕೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ದೊರ್ಸಾಫ್‌ಗೆ ಆ ಮಾತು ತನಗೇ ಹೇಳಿದ್ದೆಂದು ತಕ್ಷಣ ಗೊತ್ತಾಗಲಿಲ್ಲ. ತಿಗರಿಯ ಮುಂದಿನಿಂದ ಎದ್ದು ಬಂದ ಹುಡುಗನ ಮೊಣಕೈವರೆಗೂ ಹಸಿ ಜೇಡಿಮಣ್ಣು ಮೆತ್ತಿತ್ತು. ತನ್ನ ಮಣೆಯನ್ನೇ ಅಂಗಿಯ ತುದಿಯಿಂದ ಒರೆಸಿ ಅವಳ ಮುಂದಿಟ್ಟ. ಒಳಗೆ ಓಡಿ ಒಂದು ಲೋಟ ನೀರು ತಂದ.

ಅಳೋದಾ? ಯಾರು ಅಳ್ತಿದ್ದಾರೆ?

ಆಮೇಲೆ ಹೊಳೆಯಿತು. ಅವಳ ಎರಡೂ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಮೂಗು ಕೆಂಪಾಗಿತ್ತು. ಯಾರು ನೋಡಿದರೂ, ಪಾಪ, ಯಾರೋ ಈ ಹುಡುಗಿಯ ಮನಸ್ಸು ಮುರಿದಿದ್ದಾರೆ ಅಂದುಕೊಳ್ಳಬೇಕು.

ನಿಜ ಏನೆಂದರೆ, ನಾಬುಲ್ ಊರಿನ ಕಿತ್ತಳೆ ತೋಟಗಳ ಬೇಲಿಗೆ ಸಾಲಾಗಿ ನಿಂತ ಸೈಪ್ರೆಸ್ ಮರಗಳು ಆ ವಾರ ಪರಾಗ ಉದುರಿಸುತ್ತಿದ್ದವು. ಅದು ಗಾಳಿಯಲ್ಲಿ ಬಂದರೆ ದೊರ್ಸಾಫ್‌ಳ ಮೂಗು ಕಟ್ಟುತ್ತಿತ್ತು, ಕಣ್ಣು ಉರಿಯುತ್ತಿತ್ತು. ಕಿತ್ತಳೆ ಹೂವಿನ ಕಾಲ ಬಂದರಂತೂ ಕೇಳುವುದೇ ಬೇಡ. ಬರೀ ಅಲರ್ಜಿ.

ಇಷ್ಟು ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವಳು ಮನ್ನೂಬಿಯಾ ಅಜ್ಜಿಯ ಮೊಮ್ಮಗಳು! ಅಜ್ಜಿ ಇಳಿಸುವ ಕಿತ್ತಳೆ ಹೂವಿನ ನೀರಿಗೆ ಊರೆಲ್ಲ ಕಾದು ನಿಲ್ಲುತ್ತದೆ. ಬಟ್ಟಿಯಿಂದ ತೊಟ್ಟಿಕ್ಕುವ ನೀರಲ್ಲಿ ಮೊದಲಿನದು ಅತ್ತರಿನ ಹಾಗೆ ಘಮಘಮಿಸುತ್ತದೆ, ಹೋಗ್ತಾ ಹೋಗ್ತಾ ತೆಳುವಾಗುತ್ತದೆ. ಎಲ್ಲಿಗೆ ನಿಲ್ಲಿಸಬೇಕು ಎಂದು ಮೂಸಿ ಹೇಳುವುದು ಆ ಮನೆಯಲ್ಲಿ ಹುಡುಗಿಯ ಕೆಲಸ. "ನನ್ನ ಮೊಮ್ಮಗಳಿಗೆ ನನ್ನದೇ ಮೂಗು" ಎಂದು ಅಜ್ಜಿ ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಆ ಮೂಗಿಗೆ ವರ್ಷಗಳಿಂದ ಏನೂ ವಾಸನೆ ಬರುತ್ತಿರಲಿಲ್ಲ. ದೊರ್ಸಾಫ್ ಬಟ್ಟಲನ್ನು ಮೂಗಿಗೆ ಹಿಡಿದು, ಓರೆಗಣ್ಣಿನಿಂದ ಅಜ್ಜಿಯ ಮುಖ ನೋಡುತ್ತಿದ್ದಳು. ಅಜ್ಜಿಯ ಹುಬ್ಬು ಗಂಟಿಕ್ಕಿದರೆ "ಸಾಕು" ಅನ್ನುತ್ತಿದ್ದಳು. ಅಷ್ಟೇ ಅವಳ ವಿದ್ಯೆ.

ಈ ಹುಡುಗನಿಗೆ ಗೊತ್ತಾದರೆ ಇವತ್ತು ಸಂಜೆಗೇ ಊರಿಗೆಲ್ಲ ಗೊತ್ತಾಗುತ್ತೆ...

"ಮನಸ್ಸಿಗೆ ಸ್ವಲ್ಪ ಬೇಜಾರು," ಎಂದಳು ದೊರ್ಸಾಫ್, ತಲೆ ತಗ್ಗಿಸಿ. "ಅಜ್ಜಿಯ ಬಟ್ಟಿಗೆ ಮೇಲಿನ ಮಡಕೆ ಬೇಕಿತ್ತು. ಹಳೇದು ಸೀಳು ಬಿಟ್ಟಿದೆ."

ಆ ಹುಡುಗ, ಶಿಹಾಬ್, ಹೆಚ್ಚು ಕೇಳಲಿಲ್ಲ. ಒಳ್ಳೆಯ ಮಣ್ಣಿನಲ್ಲಿ ಮಾಡಿಕೊಡುತ್ತೇನೆ ಎಂದ. ಹೊರಡುವಾಗ ಮಾತ್ರ ಮೆಲ್ಲಗೆ ಹೇಳಿದ, "ನಿಮ್ಮನ್ನ ಅಳಿಸಿದವನು ಯಾರೇ ಆಗಿರಲಿ, ಅವನಿಗೆ ಕಣ್ಣಿಲ್ಲ."

ದಾರಿಯುದ್ದಕ್ಕೂ ಆ ಮಾತು ಅವಳ ಜೊತೆಗೇ ಬಂತು. ಸುಳ್ಳಿಗೆ ಇಷ್ಟು ಚಂದದ ಉತ್ತರ ಸಿಗುತ್ತದೆಂದು ಅವಳಿಗೇನು ಗೊತ್ತಿತ್ತು?

* * *

ಮರುದಿನವೇ ಯಾರಿಗೂ ಹೇಳದೆ ಪಕ್ಕದೂರಿನ ಕಿವಿ-ಮೂಗಿನ ಡಾಕ್ಟರ ಹತ್ತಿರ ಹೋದಳು. ನಾಬುಲ್‌ನಲ್ಲೇ ತೋರಿಸಿದರೆ ಅವಳು ಮನೆ ತಲುಪುವ ಮೊದಲೇ ಸುದ್ದಿ ತಲುಪಿರುತ್ತಿತ್ತು.

ಡಾಕ್ಟರು ಒಂದು ಪುಟ್ಟ ಬಿಳಿ ಸ್ಪ್ರೇ ಬರೆದುಕೊಟ್ಟರು. "ದಿನಾ ಬೆಳಿಗ್ಗೆ, ಎರಡೂ ಹೊಳ್ಳೆಗೆ. ಇದು ಹಾಕಿದ ತಕ್ಷಣ ಮೂಗು ಬಿಡಿಸೋ ಔಷಧಿ ಅಲ್ಲಮ್ಮ. ಒಂದೆರಡು ವಾರ ಬಿಡದೆ ಹಾಕ್ಕೊಂಡ್ರೆ ಗುಣ ಗೊತ್ತಾಗುತ್ತೆ. ಹೂವಿನ ಕಾಲ ಮುಗಿಯೋವರೆಗೂ ನಿಲ್ಲಿಸಬೇಡ."

ಊರಿನ ಔಷಧಿ ಅಂಗಡಿಯ ಗೆಳತಿ ರಫೀಕಾಳಿಂದ ಅದನ್ನು ಗುಟ್ಟಾಗಿ ಕೊಂಡು, ಬಿಡದೆ ಹಾಕಿಕೊಂಡಳು. ಒಂದು ಬೆಳಿಗ್ಗೆ ಅಡುಗೆಮನೆಯಿಂದ ಕಾಫಿಯ ವಾಸನೆ ಬಂತು. ದೊರ್ಸಾಫ್ ಹಾಸಿಗೆಯ ಮೇಲೆ ಎದ್ದು ಕೂತು, ಈ ಸಲ ನಿಜವಾಗಿಯೂ ಅತ್ತಳು.

ಆಮೇಲೆ ಮಡಕೆ ಅಂಗಡಿಗೆ ಹೋಗಲು ಕಾರಣಗಳೇ ಕಾರಣಗಳು. ಮಡಕೆ ತರಲು ಹೋದಳು. ಮಡಕೆಯ ಬಾಯಿ ಸಡಿಲ ಎಂದು ಹೇಳಲು ಹೋದಳು. ಸಡಿಲವಿಲ್ಲ, ಸರಿಯಾಗಿಯೇ ಇದೆ ಎಂದು ಹೇಳಲೂ ಹೋದಳು.

"ಇವತ್ತು ಕಣ್ಣು ಒಣಗಿದೆ," ಎನ್ನುತ್ತಿದ್ದ ಶಿಹಾಬ್, ತಿಗರಿ ತಿರುಗಿಸುತ್ತಲೇ.

"ನೋಡ್ತಾನೇ ಇರ್ತೀರಾ ನೀವು?"

"ಮಡಕೆ ಮಾಡುವವನು ರೀ. ತೇವ ಎಷ್ಟಿದೆ ಅಂತ ನೋಡೋದೇ ನನ್ನ ಕೆಲಸ."

ಅವಳು ನಕ್ಕರೆ ಅವನ ತಿಗರಿ ನಿಧಾನವಾಗುತ್ತಿತ್ತು. ಅವಳ ದುಃಖ ಕರಗಿದ್ದು ತನ್ನಿಂದ ಎಂದು ಅವನು ಒಳಗೊಳಗೇ ಬೀಗುತ್ತಿದ್ದ. ಪಾಪ, ಅದರಲ್ಲಿ ಅರ್ಧ ಪಾಲು ಸ್ಪ್ರೇಯದ್ದು ಎಂದು ಅವನಿಗೆ ಹೇಳುವವರಾರು?

"ಉಪವಾಸದ ತಿಂಗಳ ಇಪ್ಪತ್ತೇಳನೇ ರಾತ್ರಿಗೆ ಅಮ್ಮನನ್ನ ನಿಮ್ಮನೆಗೆ ಕರ್ಕೊಂಡು ಬರ್ಲಾ?" ಎಂದು ಒಂದು ದಿನ ಕೇಳಿದ. ಸಂಬಂಧ ಗಟ್ಟಿ ಮಾಡಿಕೊಳ್ಳುವವರು ಬರುವುದು ಆ ರಾತ್ರಿಯೇ.

ದೊರ್ಸಾಫ್ ಕಪಾಟಿನ ಮೇಲಿದ್ದ ಹಸಿರು ತಟ್ಟೆಯನ್ನೇ ನೋಡುತ್ತಾ, "ಅಮ್ಮನ ಕೈಯಲ್ಲಿ ಸಿಹಿ ತರಿಸಿ. ಅಜ್ಜಿಗೆ ಎಳ್ಳಿನದು ಇಷ್ಟ," ಎಂದಳು.

* * *

ಆ ವರ್ಷ ಉಪವಾಸದ ತಿಂಗಳೂ ಕಿತ್ತಳೆ ಹೂವೂ ಒಟ್ಟಿಗೇ ಬಂದವು.

ಮೊದಲ ಉಪವಾಸದ ಬೆಳಿಗ್ಗೆ ಸ್ಪ್ರೇ ಕೈಗೆತ್ತಿಕೊಂಡವಳು ಹಾಗೇ ನಿಂತಳು. ಹಾಕಿಕೊಂಡಾಗಲೆಲ್ಲ ಗಂಟಲಿಗೆ ಕಹಿಯಾಗಿ ಏನೋ ಇಳಿಯುತ್ತಿತ್ತು. ಗಂಟಲಿಗೆ ಇಳಿದರೆ ಉಪವಾಸ ಮುರಿದ ಹಾಗಲ್ಲವಾ? ಯಾರನ್ನು ಕೇಳುವುದು? ಅಜ್ಜಿಯನ್ನು ಕೇಳಿದರೆ, ಯಾವ ಔಷಧಿ ಅನ್ನುತ್ತಾಳೆ. ಮಸೀದಿಯವರನ್ನು ಕೇಳಿದರೆ ಅಪ್ಪನಿಗೆ ಗೊತ್ತಾಗುತ್ತದೆ.

ಹೇಗೂ ವಾಸಿಯಾಗಿದೆಯಲ್ಲ... ಎಂದು ಸ್ಪ್ರೇಯನ್ನು ಬಟ್ಟೆಗಳ ಹಿಂದೆ ಇಟ್ಟುಬಿಟ್ಟಳು.

ಸ್ವಲ್ಪ ದಿನ ಏನೂ ಆಗಲಿಲ್ಲ. ಅಷ್ಟರಲ್ಲಿ ಮನೆಯ ನೆಲದ ತುಂಬ ಬಿಳಿ ದುಪ್ಪಟಿ ಹಾಸಿ ಹೂವು ಹರಡಿದರು. ಮೂಗು ಮತ್ತೆ ಕಟ್ಟಿತು. ಇಪ್ಪತ್ತೇಳನೇ ರಾತ್ರಿ ಬರುವ ಹೊತ್ತಿಗೆ ಕನ್ನಡಿಯಲ್ಲಿ ಎರಡು ಕೆಂಪು ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಉಪವಾಸ ಬಿಡುವ ಇಫ್ತಾರ್ ಊಟ ಮುಗಿಯುತ್ತಿದ್ದಂತೆ ಶಿಹಾಬ್ ತಾಯಿಯ ಜೊತೆ ಬಂದ. ತಾಯಿ ಲೆಲ್ಲಾ ವಸೀಲಾ, ಊರಲ್ಲಿ ಎಲ್ಲರೂ 'ಲೆಲ್ಲಾ' ಎಂದು ಮರ್ಯಾದೆಯಿಂದ ಕರೆಯುವ ಹೆಂಗಸು. ಎಳ್ಳಿನ ಸಿಹಿಯ ಜೊತೆ ಬೆಳ್ಳಿಯ ಪನ್ನೀರುದಾನಿ ತಂದಿದ್ದಳು. ಅದರಲ್ಲಿ ತನ್ನ ಅಂಗಳದ ಮರದ ಹೂವಿನಿಂದ ಇಳಿಸಿದ ಈ ವರ್ಷದ ಮೊದಲ ನೀರು. ಸೊಸೆಯಾಗುವವಳು ಅಂಗೈ ಒಡ್ಡಬೇಕು, ಮೂಸಬೇಕು, ಮುಖಕ್ಕೆ ಸವರಿಕೊಳ್ಳಬೇಕು. ಅಲ್ಲಿಗೆ ಒಪ್ಪಿದಂತೆ.

"ಕೈ ತಾ ಮಗಳೇ," ಎಂದಳು ಲೆಲ್ಲಾ ವಸೀಲಾ. "ಊರಿಗೆಲ್ಲ ಹೆಸರಾದ ಮೂಗಂತೆ ನಿಂದು. ನನ್ನ ನೀರು ಹೇಗಿದೆ ಹೇಳು ನೋಡೋಣ."

ಅಜ್ಜಿ ಹೆಮ್ಮೆಯಿಂದ ನೆಟ್ಟಗೆ ಕೂತಳು.

ದೊರ್ಸಾಫ್ ಅಂಗೈ ಒಡ್ಡಿದಳು. ನೀರು ಬಿತ್ತು. ಏನೂ ಇಲ್ಲ. ಬಾವಿಯ ನೀರೋ, ಹೂವಿನ ನೀರೋ... ಏನೂ ಗೊತ್ತಾಗಲಿಲ್ಲ. ಅವಳು ಅಭ್ಯಾಸದಂತೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಸೀನು ಬಂತು. ಲೆಲ್ಲಾಳ ರೇಷ್ಮೆಯ ಮೇಲೆ ಸೀನಬಾರದೆಂದು ಮುಖ ಆಚೆ ತಿರುಗಿಸಿದಳು, ಕೈಯ ನೀರು ನೆಲಕ್ಕೆ ಚೆಲ್ಲಿತು. ಕಣ್ಣಿಂದ ನೀರು ಇಳಿಯುತ್ತಲೇ ಎದ್ದು ಅಂಗಳಕ್ಕೆ ಓಡಿದಳು.

"ನನ್ನ ನೀರಿಗೆ ಮೂಗು ಮುರಿದಳು," ಎಂದಳು ಲೆಲ್ಲಾ ವಸೀಲಾ, ಪನ್ನೀರುದಾನಿಯನ್ನು ಚೀಲಕ್ಕೆ ಸೇರಿಸುತ್ತಾ.

ಅಂಗಳದಲ್ಲಿ ಶಿಹಾಬ್ ಅವಳ ಹಿಂದೆ ಬಂದು ನಿಂತ.

"ಅದೇ ಕಣ್ಣೀರು," ಎಂದ. "ಮೊದಲ ದಿನ ನೋಡಿದ್ದೆನಲ್ಲ, ಅದೇ. ಯಾರವನು?"

"ಯಾರೂ ಇಲ್ಲ..."

"ಮತ್ತೆ ಯಾಕೆ ಅಳ್ತಿದ್ದೀಯ?"

ಹೇಳಿಬಿಡಬೇಕು ಅನ್ನಿಸಿತು. ಬಾಯಿ ತೆರೆದಳು. ಆದರೆ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಆ ಮುದಿ ಮುಖದ ಹೆಮ್ಮೆಯನ್ನು ನಾನೇ ಕೈಯಾರೆ ಒರೆಸಲಾ? ಅವಳು ಕಣ್ಣೊರೆಸಿಕೊಂಡು ನೆಲ ನೋಡಿದಳು.

ಶಿಹಾಬ್ ಒಂದು ಹೆಜ್ಜೆ ಹಿಂದೆ ಸರಿದ. "ಇನ್ನೊಬ್ಬನಿಗಾಗಿ ಅಳುವವಳನ್ನ ನಾನು ಕಟ್ಟಿಕೊಳ್ಳಲ್ಲ, ದೊರ್ಸಾಫ್. ತಪ್ಪು ನನ್ನದೇ ಅಂತ ಎಲ್ಲರಿಗೂ ಹೇಳ್ತೀನಿ. ನಿನಗೆ ಯಾರೂ ಒಂದು ಮಾತು ಅನ್ನಬಾರದು."

ಬೈದು ಹೋಗಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಹೀಗೆ ಮರ್ಯಾದೆ ಕಾಪಾಡಿ ಹೋದನಲ್ಲ, ಅದಕ್ಕೇ ಎದೆ ಸೀಳಿದಂತಾಯಿತು.

* * *

ಬೆಳಿಗ್ಗೆ ಕಣ್ಣಿನ ಡ್ರಾಪ್ಸ್ ಕೊಳ್ಳಲು ಔಷಧಿ ಅಂಗಡಿಗೆ ಹೊರಟರೆ ಅಜ್ಜಿಯೂ ಕೋಲು ಹಿಡಿದು ಜೊತೆಗೇ ಹೊರಟಳು. ಬೇಡವೆಂದರೂ ಕೇಳಲಿಲ್ಲ.

ಅಂಗಡಿಯ ರಫೀಕಾ ದೊರ್ಸಾಫ್‌ಳ ಮುಖ ನೋಡಿದ್ದೇ, "ಏನೇ ಇದು ಅವತಾರ? ಮೂಗಿಗೆ ಸ್ಪ್ರೇ ಒಯ್ದಿದ್ದೆಯಲ್ಲ, ಏನ್ಮಾಡ್ದೆ?" ಎಂದು ಕೇಳಿಬಿಟ್ಟಳು.

ಅಜ್ಜಿಯ ಎದುರಿಗೇ! ಇನ್ನು ಮುಚ್ಚಿಡುವುದೇನು?

"ಉಪವಾಸ ಅಂತ ನಿಲ್ಲಿಸ್ದೆ. ಗಂಟಲಿಗೆ ಇಳಿಯುತ್ತೆ..."

"ಅಯ್ಯೋ ಹುಡುಗಿ, ದಿನಕ್ಕೊಂದು ಸಲದ ಔಷಧಿ. ಬೆಳಿಗ್ಗೆ ಬದಲು ಇಫ್ತಾರ್ ಆದ್ಮೇಲೆ ಹಾಕ್ಕೊಂಡಿದ್ರೆ ಮುಗೀತಿತ್ತು. ಎಲ್ಲಿ, ಹೇಗೆ ಹಾಕ್ಕೋತೀಯ, ತೋರಿಸು."

ದೊರ್ಸಾಫ್ ಬೆರಳನ್ನೇ ಸ್ಪ್ರೇಯಂತೆ ಹಿಡಿದು, ತಲೆ ಹಿಂದಕ್ಕೆ ವಾಲಿಸಿ, ಜೋರಾಗಿ ಎಳೆದು ತೋರಿಸಿದಳು.

"ನಿಮ್ಮಜ್ಜಿ ನಶ್ಯ ಏರಿಸೋದನ್ನ ನೋಡಿ ಕಲಿತದ್ದಾ?" ರಫೀಕಾ ನಕ್ಕಳು. "ಹಾಗೆ ಎಳೆದ್ರೆ ಗಂಟಲಿಗಲ್ಲದೆ ಇನ್ನೆಲ್ಲಿಗೆ ಹೋಗ್ಬೇಕು? ತಲೆ ಸ್ವಲ್ಪ ಮುಂದಕ್ಕೆ. ಎಡ ಹೊಳ್ಳೆಗೆ ಬಲಗೈ, ಬಲಕ್ಕೆ ಎಡಗೈ. ನಡುವಿನ ಗೋಡೆಗಲ್ಲ, ತುದಿ ಹೊರಗೆ, ಕಿವಿಯ ಕಡೆಗಿರಲಿ. ಹೂವು ಮೂಸಿದ ಹಾಗೆ ಮೆಲ್ಲಗೆ ಉಸಿರು, ಸಾಕು."

ದೊರ್ಸಾಫ್ ಹೊಸ ಸ್ಪ್ರೇಯೊಂದನ್ನು ಚೀಲಕ್ಕೆ ಹಾಕಿಕೊಂಡಳು. ಹೊರಗೆ ಬಂದ ಮೇಲೆ ಅಜ್ಜಿ ಕಟ್ಟೆಯ ಮೇಲೆ ಕೂತಳು.

"ಅಜ್ಜಿ... ನನಗೆ ವಾಸನೆ ಬರಲ್ಲ. ಚಿಕ್ಕವಳಿದ್ದಾಗಿಂದ. ನಿನ್ನ ಮುಖ ನೋಡಿ ಹೇಳ್ತಿದ್ದೆ."

ಅಜ್ಜಿ ಕೋಲು ಊರಿ ಅವಳ ಕಡೆ ತಿರುಗಿದಳು.

"ನನ್ನ ಮುಖ ನೋಡಿ?" ಎಂದಳು. "ಅಲ್ಲ ಕಣೇ, ನಶ್ಯ ಸೇದಿ ಸೇದಿ ನನ್ನ ಮೂಗು ಸತ್ತು ಎಷ್ಟು ಕಾಲವಾಯ್ತು! ನಾನು ನಿನ್ನ ಮುಖ ನೋಡ್ತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಹಾಗಾದ್ರೆ ಇಷ್ಟು ವರ್ಷ ಮೂಸಿದ್ದು ಯಾರು?"

"ದೇವರೇ ಬಲ್ಲ," ಎಂದಳು ಅಜ್ಜಿ. ನಗು ತಡೆಯಲಾರದೆ ಅವಳ ಹೆಗಲು ಕುಣಿಯತೊಡಗಿತು. ಆಮೇಲೆ ಕೋಲಿನಿಂದ ಮೊಮ್ಮಗಳ ಕಾಲಿಗೆ ಮೆಲ್ಲಗೆ ತಟ್ಟಿದಳು. "ನನಗೋಸ್ಕರ ಆ ಹುಡುಗನನ್ನ ಕಳ್ಕೊಂಡ್ಯಾ? ದಡ್ಡಿ. ಹೋಗು, ಈಗಲೇ ಹೋಗು."

* * *

ಮಡಕೆ ಅಂಗಡಿಯಲ್ಲಿ ಶಿಹಾಬ್ ಒಬ್ಬನೇ ಇರಲಿಲ್ಲ. ಹಬ್ಬಕ್ಕೆ ತಟ್ಟೆ ಆರಿಸಲು ಲೆಲ್ಲಾ ವಸೀಲಾ ಕೂಡ ಬಂದಿದ್ದಳು. ದೊರ್ಸಾಫ್ ಹೊಸ್ತಿಲಲ್ಲೇ ಸೀನಿದಳು. ಮತ್ತೆ ಸೀನಿದಳು.

"ಅಲ್ಲಾ ಕರುಣಿಸಲಿ," ಎಂದ ಶಿಹಾಬ್, ಸೀನಿದವರಿಗೆಲ್ಲ ಹೇಳುವಂತೆ, ತಿಗರಿಯಿಂದ ತಲೆ ಎತ್ತದೆ.

"ನಾನು ಅಳ್ತಿಲ್ಲ," ಎಂದಳು ದೊರ್ಸಾಫ್. "ಮೊದಲ ದಿನವೂ ಅಳ್ತಿರಲಿಲ್ಲ. ಯಾವ ಗಂಡಸೂ ನನ್ನ ಅಳಿಸಿಲ್ಲ. ನಿನ್ನೆ ರಾತ್ರಿ ನೀನು ಹೋದ್ಮೇಲೆ ಮಾತ್ರ ಅತ್ತೆ. ನನಗೆ ಹೂವಿನ ಅಲರ್ಜಿ. ನನ್ನ ಮೂಗು ಕೆಲಸ ಮಾಡಲ್ಲ. ಇದು ಹಾಕ್ಕೊಂಡ್ರೆ ಸರಿಯಾಗುತ್ತೆ. ಉಪವಾಸ ಅಂತ ನಿಲ್ಲಿಸಿದ್ದೆ." ಚೀಲದಿಂದ ಬಿಳಿ ಸ್ಪ್ರೇ ತೆಗೆದು ಅವನ ಮುಂದಿಟ್ಟಳು. "ನಾಚಿಕೆಗೆ ಸುಳ್ಳು ಹೇಳ್ದೆ."

ತಿಗರಿ ನಿಂತಿತು. ಅದರ ಮೇಲಿದ್ದ ಹೂಜಿ ಮೆಲ್ಲಗೆ ಒಂದು ಕಡೆಗೆ ವಾಲಿತು.

"ಅಂದ್ರೆ ನಾನು ಹೊಟ್ಟೆ ಉರ್ಕೊಂಡಿದ್ದು... ಇವನ ಮೇಲಾ?" ಎಂದ ಶಿಹಾಬ್, ಸ್ಪ್ರೇಯನ್ನು ಮಣ್ಣಿನ ಕೈಯಲ್ಲೇ ಎತ್ತಿ ಹಿಡಿದು. "ರಾತ್ರಿಯೆಲ್ಲ ನಿದ್ದೆಗೆಟ್ಟು ಇವನಿಗೆ ಶಾಪ ಹಾಕಿದೆನಲ್ಲ! ನೀನು ನಗ್ತಿದ್ದದ್ದೂ ಇವನಿಂದಲೇ ಹಾಗಾದ್ರೆ?"

"ಸೀನು ನಿಂತಿದ್ದು ಅವನಿಂದ," ಎಂದಳು ಅವಳು. "ನಕ್ಕಿದ್ದು ಅವನಿಂದ ಅಲ್ಲ."

ಲೆಲ್ಲಾ ವಸೀಲಾ ಕೆಮ್ಮಿದಳು. "ನನ್ನ ನೀರಿಗೆ ಮೂಗು ಮುರೀಲಿಲ್ಲ ಹಾಗಾದ್ರೆ?"

"ಮುರಿಯೋಕೆ ಮೂಗು ನೆಟ್ಟಗಿದ್ದರೆ ತಾನೇ, ಲೆಲ್ಲಾ?"

ಲೆಲ್ಲಾಳ ಮುಖದಲ್ಲಿ ನಗು ಮೂಡದಿರಲು ಬಹಳ ಪ್ರಯತ್ನ ನಡೆಯಿತು, ಸೋತಿತು. "ಆ ನೀರು ಮುಚ್ಚಿಡ್ತೀನಿ. ನಿನ್ನ ಮೂಗು ತೆರೆಯೋವರೆಗೂ ಯಾರಿಗೂ ಮುಟ್ಟಿಸಲ್ಲ. ಔಷಧಿ ಮರೆತೀಯೆ, ಜೋಕೆ."

ಆವತ್ತಿನಿಂದ ಸಂಜೆ ಇಫ್ತಾರ್ ಮುಗಿದ ಕೂಡಲೇ ಶಿಹಾಬ್‌ನ ಫೋನ್ ಬರುತ್ತಿತ್ತು. ಹಲೋ ಇಲ್ಲ, ಏನಿಲ್ಲ. "ಹಾಕ್ಕೊಂಡ್ಯಾ?" ಎಂದು ಕೇಳಿ, "ಹ್ಞೂಂ" ಕೇಳಿಸಿಕೊಂಡು, ಆಮೇಲೆಯೇ ಬೇರೆ ಮಾತು. ಹಬ್ಬ ಕಳೆದ ಮೇಲೂ ಆ ಫೋನ್ ನಿಲ್ಲಲಿಲ್ಲ.

ತೋಟದ ಹೂವೆಲ್ಲ ಉದುರಿ ಹೋದ ಮೇಲೆ ಒಂದು ಶುಕ್ರವಾರ ಲೆಲ್ಲಾ ವಸೀಲಾ ಮತ್ತೆ ಪನ್ನೀರುದಾನಿ ಹಿಡಿದು ಬಂದಳು. ದೊರ್ಸಾಫ್ ಅಂಗೈ ಒಡ್ಡಿದಳು. ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ಕಣ್ಣು ಮುಚ್ಚಿ ಮೂಸಿದಳು.

"ಮೊದಲ ನೀರು," ಎಂದಳು. "ಎಳೆ ಬಿಸಿಲಿಗೇ ಕೊಯ್ದ ಹೂವು. ಜೇನಿನ ಹಾಗಿದೆ, ಹಿಂದೆ ಸ್ವಲ್ಪ ಕಹಿ." ಮುಖಕ್ಕೆ ಸವರಿಕೊಂಡಳು. ಅಜ್ಜಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

ಹಿರಿಯರು ಒಳಗೆ ಮಾತಿಗೆ ಕೂತಾಗ ಶಿಹಾಬ್ ಅಂಗಳದಲ್ಲಿ ಅವಳ ಪಕ್ಕ ಬಂದು ನಿಂತು ತನ್ನ ಅಂಗೈ ಚಾಚಿದ.

"ಇದು ಏನು ವಾಸನೆ, ಹೇಳು."

ಅವಳು ಬಾಗಿ ಮೂಸಿದಳು. ಹಸಿ ಮಣ್ಣು. ಎಷ್ಟು ತೊಳೆದರೂ ಹೋಗದ ಹಸಿ ಮಣ್ಣು.

"ಸರಿಯಾಗಿ ಗೊತ್ತಾಗ್ತಿಲ್ಲ," ಎಂದಳು ದೊರ್ಸಾಫ್, ಆ ಕೈಯನ್ನು ಬಿಡದೆ. "ದಿನಾ ಮೂಸಿ ನೋಡ್ಬೇಕಾಗುತ್ತೆ."

"ಎಷ್ಟು ದಿನ?"

"ಬಿಡದೆ ಹಾಕ್ಕೋಬೇಕಾದ ಔಷಧಿ ಇದು," ಎಂದಳು. "ನಿಲ್ಲಿಸೋ ಹಾಗಿಲ್ಲ."