ತಾತನ ಎಡಗಾಲು

"ಯಾರು ಈ ಕಾಫಿ ತಂದಿದ್ದು? ಶುಂಠಿನೇ ಇಲ್ಲ. ಸತ್ತು ಒಂದು ದಿನ ಆಗಿಲ್ಲ, ಅಷ್ಟರಲ್ಲೇ ಮರೆತುಬಿಟ್ರಾ ನನ್ನ?"

ಜೇನಾಳ ಎದೆ ಧಸಕ್ಕೆಂದಿತು. ತಾತನ ಕಂದು ಕೋಟು. ತಾತನ ಬಿಳಿ ಟೋಪಿ. ತಾತನ ಕೆಮ್ಮು ಕೂಡ. ಆದರೆ ತಾತನನ್ನು ಬೆಳಿಗ್ಗೆ ತಾನೇ ಗೋಡಂಬಿ ಮರಗಳಾಚೆ ಮಣ್ಣು ಮಾಡಿ ಬಂದಿದ್ದರು.

ನೀರಿನ ಡ್ರಮ್ಮಿನ ಹಿಂದೆ ಅಡಗಿ ಕೂತಿದ್ದ ಅವಳು ಉಸಿರು ಬಿಗಿಹಿಡಿದು ಇಣುಕಿದಳು. ಟೋಪಿಯ ಕೆಳಗೆ ಕಿವಿಯೋಲೆ ಹೊಳೆಯಿತು. ಅದು ಶಾಲೆ ಗೇಟಿನ ಹತ್ತಿರ ಮಂದಾಜಿ ಬನ್ನು ಕರಿದು ಮಾರುವ ಕಬುಲಾ ಅತ್ತೆ.

ಇಷ್ಟು ಹೊತ್ತು ಅಳುತ್ತಿದ್ದವರೆಲ್ಲ ನಗುತ್ತಿದ್ದರು. ಡ್ರಮ್ಮಿನ ಪಕ್ಕದಲ್ಲೇ ಕೂತಿದ್ದ ಅಮ್ಮ ಕೂಡ.

"ಅವಳನ್ನ ಓಡಿಸಮ್ಮಾ," ಎಂದಳು ಜೇನಾ.

"ಓಡಿಸೋ ಹಾಗಿಲ್ಲ ಕಣೇ. ಅವರ ಜನಕ್ಕೂ ನಮ್ಮ ಜನಕ್ಕೂ ಮುತ್ತಾತಂದಿರ ಕಾಲದಿಂದ ತಮಾಷೆಯ ನಂಟು. ಸಾವಿನ ಮನೇಲಿ ಅಣಕಿಸೋದು ಅವರ ಪಾಲಿನ ಕೆಲಸ. ಇವಳಪ್ಪ ಸತ್ತಾಗ ನಿನ್ನ ತಾತ ಆ ಮನುಷ್ಯನ ಬೂಟು ಹಾಕ್ಕೊಂಡು ಊರೆಲ್ಲ ಸುತ್ತಿದ್ರು."

ಜೇನಾಳಿಗೆ ನಗು ಬರಲಿಲ್ಲ. ನಿನ್ನೆ ಊಟ ಮಾಡಿ, "ನಾಲ್ಕು ಗಂಟೆಗೆ ಎಬ್ಬಿಸು ಪುಟ್ಟಾ" ಅಂತ ಮಲಗಿದ್ದರು ತಾತ. ಎಬ್ಬಿಸಲು ಹೋದವಳು ಅವಳೇ. ಕೈ ಮುಟ್ಟಿದರೆ ನೀರಿನ ಗಡಿಗೆಯ ಹಾಗೆ ತಣ್ಣಗಿತ್ತು. ಆಗಿನಿಂದ ಅವಳು ಆ ಕೋಣೆಗೆ ಕಾಲಿಟ್ಟಿಲ್ಲ. ಕಣ್ಣೂ ಮುಚ್ಚಿಲ್ಲ. ಮಲಗಿದವರು ಏಳದೇ ಹೋಗಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಕಬುಲಾ ಅತ್ತೆ ಬಲಗಾಲು ಎಳೆಯುತ್ತಾ ಡ್ರಮ್ಮಿನ ಹತ್ತಿರವೇ ಬಂದಳು. "ಏನೇ, ಕಾವು ಕೂತ ಕೋಳಿ. ಎಷ್ಟು ಮೊಟ್ಟೆ ಇಟ್ಟಿದೀಯಾ ಅಲ್ಲಿ?"

"ಎಡಗಾಲು." ಜೇನಾಳ ಬಾಯಿಂದ ಮಾತು ಜಾರಿತು. "ತಾತ ಎಳೀತಿದ್ದದ್ದು ಎಡಗಾಲು."

"ಹೋಗೇ. ಮೂವತ್ತು ವರ್ಷದಿಂದ ನೋಡಿದೀನಿ ಆ ಮುದುಕನ್ನ."

"ಎಡಗಾಲು ಅಂದೆನಲ್ಲಾ. ಎರಡು ಹೆಜ್ಜೆ ಇಟ್ಟು ನಿಲ್ತಾರೆ. ಕೋಲು ಕುಟ್ತಾರೆ. ಆಮೇಲೆ ಆಕಾಶ ನೋಡ್ತಾರೆ."

"ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ಮಾಡಿ ತೋರಿಸು. ಕೋಲೆಲ್ಲಿ?"

ಕೋಲು ಕೋಣೆಯಲ್ಲಿತ್ತು.

ಜೇನಾ ಬಾಗಿಲವರೆಗೆ ಹೋಗಿ ನಿಂತಳು. ಅಂಗಳದ ಕಣ್ಣೆಲ್ಲ ಬೆನ್ನ ಮೇಲಿತ್ತು. ಒಂದು ಕಾಲು ಒಳಗಿಟ್ಟಳು. ಹಗ್ಗದ ಮಂಚ. ಮೊಳೆಗೆ ನೇತುಹಾಕಿದ ರೇಡಿಯೊ. ಲವಂಗದೆಣ್ಣೆಯ ವಾಸನೆ. ಮೂಲೆಯಲ್ಲಿ ಕೋಲು. ಅಷ್ಟೇ ಇತ್ತು ಅಲ್ಲಿ. ಅವಳಿಗಾಗಿ ಏನೂ ಕಾದು ಕೂತಿರಲಿಲ್ಲ.

ಕೋಲು ಹಿಡಿದು, ಎಡಗಾಲು ಎಳೆಯುತ್ತಾ ಅಂಗಳಕ್ಕೆ ಬಂದಳು. ಎರಡು ಹೆಜ್ಜೆ. ಟಕ್. ತಲೆಯೆತ್ತಿ ಆಕಾಶ.

"ಅಯ್ಯೋ, ಅವರೇ," ಎಂದಿತು ಯಾವುದೋ ಅಜ್ಜಿಯ ದನಿ. ಕಬುಲಾ ಅತ್ತೆ ಟೋಪಿ ತೆಗೆದು ಜೇನಾಳ ತಲೆಗೆ ಹಾಕಿದಳು. ಅದು ಕಿವಿ ಮುಚ್ಚಿ ಮೂಗಿಗೆ ಇಳಿಯಿತು. ಮೊದಲು ನಕ್ಕವಳು ಜೇನಾ. ನಗುನಗುತ್ತಲೇ ಅಳು ಬಂತು.

ಆಮೇಲೆ ಅವಳು ಚಾಪೆಯ ಮೇಲೆ, ಅಮ್ಮನ ತೊಡೆಗೆ ತಲೆಯಿಟ್ಟಳು.

"ಅಮ್ಮಾ, ನಾಲ್ಕು ಗಂಟೆಗೆ ಎಬ್ಬಿಸ್ತೀಯಾ?"

ಕೂದಲ ಮೇಲೆ ಆಡುತ್ತಿದ್ದ ಅಮ್ಮನ ಕೈ ಒಂದು ಗಳಿಗೆ ನಿಂತಿತು.

"ಎಬ್ಬಿಸ್ತೀನಿ."

ಅಂಗಳದಲ್ಲಿ ಕೋಲು ಕುಟ್ಟುವ ಸದ್ದು ಮತ್ತೆ ಶುರುವಾಯಿತು. ಕಬುಲಾ ಅತ್ತೆ ಈಗ ಎಡಗಾಲು ಎಳೆಯುತ್ತಿದ್ದಳು. ಎರಡು ಹೆಜ್ಜೆ, ಟಕ್. ಎರಡು ಹೆಜ್ಜೆ, ಟಕ್. ಜೇನಾ ಕಣ್ಣು ಮುಚ್ಚಿದಳು.